ಭಾವನ ಮೌನದ ತಾಲೀಮು

ಮಳೆಕಾಡಿನ ಅಭಯಾರಣ್ಯ ನೋಡಲು ನಮ್ಮ ಭಾವ ಜೀಪು ಗೊತ್ತುಮಾಡಿದ ದಿನದಿಂದ ಅಕ್ಕನ ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡುವಂತಿಲ್ಲ. ಅಕ್ಕ ಮಿಕ್ಸಿ ಹಾಕಿದರೆ "ಹುಲಿ ಓಡ್ಹೋಯ್ತು" ಅನ್ನುತ್ತಾರೆ. ಮಗ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ "ಜಿಂಕೆನೂ ಹೋಯ್ತು". ಕಾಡಿನಲ್ಲಿ ಎದ್ದು ಕಾಣುತ್ತದೆಂದು ಮಗಳ ಹಳದಿ ಅಂಗಿ ಆಗಲೇ ಬೀರು ಸೇರಿದೆ. ಸಂಜೆಯಾದರೆ ಎಲ್ಲರನ್ನೂ ಜೀಪಿನಲ್ಲಿದ್ದಂತೆ ಸೋಫಾದ ಮೇಲೆ ಒತ್ತೊತ್ತಾಗಿ ಕೂರಿಸಿ, ತಾವೇ ಕಾಡುಹಂದಿಯಾಗಿ ಪರದೆಯ ಹಿಂದಿನಿಂದ ಹೊರಬರುತ್ತಾರೆ. ಯಾರಾದರೂ ಕಿಸಕ್ಕೆಂದರೆ ಮತ್ತೆ ಮೊದಲಿಂದ ತಾಲೀಮು. ಇಷ್ಟೆಲ್ಲ ಶಿಸ್ತು ಕಲಿಸುವ ಈ ಮಹಾನುಭಾವರ ಸೀನು ಮಾತ್ರ ಊರಿಗೇ ಗೊತ್ತು. ಅವರು ಒಮ್ಮೆ ಸೀನಿದರೆ ಬೀದಿಯ ಕಾಗೆಗಳೆಲ್ಲ ಹಾರುತ್ತವೆ, ಪಕ್ಕದ ಮನೆಯ ತೊಟ್ಟಿಲಲ್ಲಿರುವ ಕೂಸು ಎದ್ದು ಕೂರುತ್ತದೆ. ಹಸಿ ಎಲೆಯ ವಾಸನೆ ಮೂಗಿಗೆ ಬಡಿದರಂತೂ ಸೀನು ಒಂದಕ್ಕೆ ನಿಲ್ಲುವುದೇ ಇಲ್ಲ. ನಿನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ: "ಭಾವ, ಕಾಡಲ್ಲಿ ನಿಮ್ಗೇ ಸೀನು ಬಂದ್ರೆ?" ಅಕ್ಕ ಅಡುಗೆಮನೆಯಲ್ಲೇ ಇದ್ದಾಳೆಯೇ ಎಂದು ಬಗ್ಗಿ ನೋಡಿ, ನಮಗೆಲ್ಲ ಕಲಿಸಿದ ಪಿಸುದನಿಯಲ್ಲೇ ಹೇಳಿದರು: "ನಂಗೆ ಅಂತ ಸೀಟೇ ಬುಕ್ ಮಾಡಿಲ್ಲ ಕಣೋ. ನಾನು ಗೇಟ್ ಹತ್ರಾನೇ ಕೂತಿರ್ತೀನಿ. ನೀವೆಲ್ಲ ನೋಡ್ಕೊಂಡ್ ಬಂದು ನಂಗೆ ಹೇಳಿ. ಆಗ ಎಷ್ಟು ಜೋರಾಗಿ ಬೇಕಾದ್ರೂ ಕೂಗಾಡಿ."