‘ಕೆಮರಾ ಚೀಲದಲ್ಲೇ ಇರ್ಲಿ’ ಎನ್ನುವ ಕಿಟ್ಟಣ್ಣ

ಕೋಡಿಂಬಾಳದ ರಬ್ಬರ್ ತೋಟದಲ್ಲಿ ಬೆಳಕು ಈಗಷ್ಟೇ ಹರಿಯುತ್ತಿದೆ. ತಲೆಗೆ ಲೈಟು ಕಟ್ಟಿಕೊಂಡ ದುಗ್ಗಮ್ಮ ಮರದಿಂದ ಮರಕ್ಕೆ ಹೋಗುತ್ತಿದ್ದಾರೆ. ಕತ್ತಿ ತೊಗಟೆಯ ಮೇಲೆ ಸರ್ರನೆ ಇಳಿಯುತ್ತದೆ. ಬಿಳಿ ಹಾಲು ಗೀರಿನಗುಂಟ ಹರಿದು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ತೊಟ್ಟಿಕ್ಕುತ್ತದೆ. ಅವರ ಹಿಂದೆ ಸ್ವಲ್ಪ ದೂರ ಬಿಟ್ಟು ಇಬ್ಬರು ನಿಂತಿದ್ದಾರೆ. ಒಬ್ಬರು ಎಪ್ಪತ್ತರ ಹತ್ತಿರದ ಕಿಟ್ಟಣ್ಣ. ಇನ್ನೊಬ್ಬಳು ಅವರ ಬಳಿ ಫೋಟೋಗ್ರಫಿ ಕಲಿಯುತ್ತಿರುವ ಆಲಂಕಾರಿನ ಫಸೀಲಾ.

“ಈಗ ತೆಗೆಯುದಾ ಕಿಟ್ಟಣ್ಣ?”

“ಕೆಮರಾ ಚೀಲದಲ್ಲೇ ಇರ್ಲಿ.”

“ಬೆಳಕು ಬಂತಲ್ಲ!”

“ಬೆಳಕು ನಾಳೆಯೂ ಬರ್ತದೆ. ದುಗ್ಗಕ್ಕ ನಮ್ಮನ್ನು ಮರೆಯುವವರೆಗೆ ಸುಮ್ಮನೆ ನಿಲ್ಲು.”

ಮರದ ಆಚೆಯಿಂದ ದುಗ್ಗಮ್ಮನ ಸ್ವರ ಬರುತ್ತದೆ. “ಮರೆಯುದು ಹೇಗೆ ಮಾರಾಯ್ರೆ? ನಿಮ್ಮ ಕೆಮ್ಮು ಕೇಳಿದ್ರೆ ಮಂಗ ಸಹ ತೋಟ ಬಿಟ್ಟು ಓಡ್ತದೆ.”

ಕಡಬ ಪೇಟೆಯಲ್ಲಿ ಕಿಟ್ಟಣ್ಣನ ಸ್ಟುಡಿಯೋ ಗೊತ್ತಿಲ್ಲದವರು ಕಡಿಮೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ನಲ್ವತ್ತು ವರ್ಷ ಅದೇ ಕೆಲಸ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋದ ಅರ್ಧ ಭಾಗ ಜೆರಾಕ್ಸ್ ಅಂಗಡಿಯಾಯಿತು. ಉಳಿದರ್ಧದಲ್ಲಿ ಕೂತು ಯೋಚಿಸಿದ್ದರ ಫಲ, ಪುತ್ತೂರಿನ ಒಂದು ಟ್ಯೂಷನ್ ಕೋಣೆಯಲ್ಲಿ ಭಾನುವಾರಗಳಂದು ನಡೆಯುವ ಅವರ ಡಾಕ್ಯುಮೆಂಟರಿ ಫೋಟೋಗ್ರಫಿ ಕಾರ್ಯಾಗಾರ. ಕೆಲಸದಲ್ಲಿರುವ ಜನರನ್ನು ಇದ್ದ ಹಾಗೆಯೇ ತೆಗೆಯಲು ಅಲ್ಲಿ ಕಲಿಸುತ್ತಾರೆ. ಶುಲ್ಕವಿಲ್ಲ. ಚಾ ಮಾತ್ರ ಶಿಷ್ಯರದ್ದು.

“ಸ್ಟುಡಿಯೋದಲ್ಲಿ ನಾನು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿದ್ದು,” ಎನ್ನುತ್ತಾರೆ. “ಗಲ್ಲ ಮೇಲೆ, ಭುಜ ನೇರ. ಮೇಷ್ಟ್ರೂ ಮೀನಿನವರೂ ಒಂದೇ ಹಾಗೆ. ಪಟ ಆದ ಮೇಲೆ ಉಸಿರು ಬಿಟ್ಟು ನಗ್ತಿದ್ರಲ್ಲ, ಆ ಮುಖ ನಾನು ಒಂದೂ ತೆಗೀಲಿಲ್ಲ.”

ಫಸೀಲಾ ಮಾಡಿದ ಮೊದಲ ತಪ್ಪನ್ನು ಅವರು ಈಗಲೂ ನಗುತ್ತಲೇ ಹೇಳುತ್ತಾರೆ. ಮೊದಲ ಸಲ ಈ ತೋಟಕ್ಕೆ ಬರುವ ಹಿಂದಿನ ದಿನವೇ ಅವಳು ದುಗ್ಗಮ್ಮನಿಗೆ ಫೋನು ಮಾಡಿ, ನಾಳೆ ಪಟ ತೆಗೆಯಲು ಬರುತ್ತೇನೆ ಎಂದಿದ್ದಳು. ಬೆಳಗ್ಗೆ ಹೋದರೆ ದುಗ್ಗಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕತ್ತಿ ಹಿಡಿದು ಮರದ ಪಕ್ಕ ನೆಟ್ಟಗೆ ನಿಂತಿದ್ದರು. ರಬ್ಬರ್ ಹಾಲು ತಾಗಿದ ಬಟ್ಟೆಯ ಕಲೆ ಯಾವ ಸಾಬೂನಿಗೂ ಹೋಗುವುದಿಲ್ಲ. ಒಳ್ಳೆಯ ಸೀರೆ ಉಟ್ಟು ಹಾಲು ತೆಗೆಯುವ ಟ್ಯಾಪಿಂಗಿಗೆ ಯಾರೂ ಇಳಿಯುವುದಿಲ್ಲ.

“ಮರವನ್ನು ಮದುವೆಗೆ ಕರೀಲಿಕ್ಕೆ ಹೋದ ಹಾಗೆ ಉಂಟು!” ಎಂದು ಪಟ ನೋಡಿ ನಕ್ಕ ಕಿಟ್ಟಣ್ಣ, ಮತ್ತೆ ಮೆತ್ತಗೆ ಹೇಳಿದರಂತೆ: “ತಪ್ಪು ಅವರದ್ದಲ್ಲ. ಫೋನು ಮಾಡಿದ್ದು ನೀನು.”

ಹಾಗಾಗಿ ಇವತ್ತು ಹೇಳದೆ ಬಂದಿದ್ದಾರೆ. ಮಂಗನ ಮಾತಿಗೆ ತಾವೇ ನಗುತ್ತ ದುಗ್ಗಮ್ಮ ಮುಂದಿನ ಮರಕ್ಕೆ ಬಾಗಿದಾಗ ಕಿಟ್ಟಣ್ಣ ಫಸೀಲಾಳ ಚೀಲದ ಕಡೆಗೆ ಕಣ್ಸನ್ನೆ ಮಾಡುತ್ತಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ಕೆನ್ನೆಯಲ್ಲಿ ಇನ್ನೂ ಆರದ ನಗು. ಅವಳು ತೆಗೆದದ್ದು ಒಂದೇ ಪಟ. ಸಾಕಿತ್ತು.

ಮುಂದಿನ ಭಾನುವಾರ ಪುತ್ತೂರಿನಲ್ಲಿ ಶಿಷ್ಯರ ಪ್ರದರ್ಶನ. ಒಬ್ಬರಿಗೆ ಒಂದೇ ಪಟ. ಫಸೀಲಾಳ ಹೆಸರು ಗೋಡೆಯ ಮೇಲೆ ಬರುವುದು ಇದೇ ಮೊದಲು. ಆದರೆ ಇಲ್ಲಿ ಒಂದು ನಿಯಮವಿದೆ. ಪಟದಲ್ಲಿರುವವರಿಗೆ ಅದನ್ನು ತೋರಿಸಬೇಕು, ಅವರು ಒಪ್ಪದಿದ್ದರೆ ತೂಗುಹಾಕುವಂತಿಲ್ಲ.

ಅಂಗಳದಲ್ಲಿ ಕೂತು ದುಗ್ಗಮ್ಮ ಪಟವನ್ನು ತುಂಬ ಹೊತ್ತು ನೋಡಿದರು.

“ಚಂದ ಬಂದಿದೆ ಮಗಾ. ಆದ್ರೆ ಬೇಡ.”

“ಎಂತಕ್ಕೆ ದುಗ್ಗಕ್ಕ?”

ಅವರು ಶರ್ಟಿನ ಜೇಬಿನ ಮೇಲೆ ಬೆರಳಿಟ್ಟರು. ಒಂದು ಬದಿಯ ಹೊಲಿಗೆ ಬಿಚ್ಚಿ ಜೇಬು ಜೋತುಬಿದ್ದಿತ್ತು. “ಇದು ನಮ್ಮವರ ಶರ್ಟು. ಅವರು ತೀರಿಹೋಗಿ ಎರಡು ಮಳೆಗಾಲ ಆಯ್ತು. ಹರಿದ ಜೇಬಲ್ಲಿ ಅವರು ಯಾವತ್ತೂ ಪುತ್ತೂರಿಗೆ ಹೋದವರಲ್ಲ.”

ಫಸೀಲಾ ಪಟವನ್ನು ವಾಪಸು ಚೀಲಕ್ಕೆ ಹಾಕಿಕೊಂಡಳು.

ಸ್ಟುಡಿಯೋಗೆ ಬಂದ ಮೇಲೆ ಸುಳ್ಯದ ಶಿಷ್ಯ ದಿಶಾಂತ್ ಉಪಾಯ ಹೇಳಿದ. “ಕಂಪ್ಯೂಟರಲ್ಲಿ ಜೇಬು ಸರಿಮಾಡಿದ್ರಾಯ್ತು. ಎಷ್ಟು ಹೊತ್ತಿನ ಕೆಲಸ?”

“ಬೇಡ,” ಎಂದರು ಕಿಟ್ಟಣ್ಣ. ಪಟ ಲಕೋಟೆಗೆ ಹೋಯಿತು. ಫಸೀಲಾ ಅಂದು ಚಾ ಕುಡಿಯಲಿಲ್ಲ.

ಶುಕ್ರವಾರ ಅವಳಿಗೆ ದುಗ್ಗಮ್ಮನ ಫೋನು ಬಂತು. “ಜೇಬು ಹೊಲಿದೆ. ಬರುದಾದ್ರೆ ನಾಳೆ ಬನ್ನಿ. ರೇಷ್ಮೆ ಸೀರೆ ಉಡುದಿಲ್ಲ, ಹೆದರ್ಬೇಡ.”

ಹೊಸ ಪಟ ನೋಡಿ ದಿಶಾಂತ್ ಬಿಡಲಿಲ್ಲ. “ಹೊಲಿಸಿ ತೆಗೆದದ್ದು ಡಾಕ್ಯುಮೆಂಟರಿ ಆಗ್ತದಾ ಕಿಟ್ಟಣ್ಣ?”

“ನಾವು ಎಲ್ಲಿ ಹೊಲಿಸಿದ್ದು? ಹರಿದದ್ದನ್ನು ಹೊಲಿಯುದು ಅವರ ಮನೆಯ ಕೆಲಸ. ಅದು ಮುಗಿಯುವವರೆಗೆ ಕಾದದ್ದು, ಅಷ್ಟೆ.” ಸ್ವಲ್ಪ ತಡೆದು ಸೇರಿಸಿದರು: “ಪಟ ಅಂತ ನೋಡಿದ್ರೆ ಮೊದಲಿನದ್ದೇ ಒಳ್ಳೇದು. ಅದರಲ್ಲಿ ನಗು ಇತ್ತು. ಎಂತ ಮಾಡುದು, ಅದು ನಮ್ಮದಲ್ಲ.”

ಗೋಡೆಗೆ ಹೋದದ್ದು ಎರಡನೆಯ ಪಟ. ನೀಲಿ ಶರ್ಟಿನ ಜೇಬಿನ ಸುತ್ತ ಕಪ್ಪು ನೂಲಿನ ಹೊಲಿಗೆ ದೂರಕ್ಕೂ ಕಾಣುತ್ತದೆ. ಕೆಳಗೆ ಫಸೀಲಾಳ ಹೆಸರು, ಪಕ್ಕದಲ್ಲೇ ದುಗ್ಗಮ್ಮನ ಹೆಸರು. ಇಡೀ ಕೋಣೆಯಲ್ಲಿ ಕಿಟ್ಟಣ್ಣ ತೆಗೆದ ಪಟ ಒಂದೂ ಇಲ್ಲ. ಅವರ ಹೆಸರೂ ಇಲ್ಲ. ಬೇಸರವಿಲ್ಲವೇ ಎಂದು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ.

“ನನ್ನ ಸ್ಟುಡಿಯೋಗೆ ಬಂದವರೆಲ್ಲ ಕೇಳಿದ್ದು ಒಂದೇ, ‘ಬೇಗ ಕೊಡಿ, ಬಸ್ಸು ಉಂಟು’ ಅಂತ. ಲಕೋಟೆ ಬಿಚ್ಚಿ ನೋಡಿದವರೂ ಕಮ್ಮಿ,” ಎಂದು ಕಿಟ್ಟಣ್ಣ ಗೋಡೆಯ ಕಡೆ ಕತ್ತು ತಿರುಗಿಸುತ್ತಾರೆ. ಹಸಿರು ರೇಷ್ಮೆ ಸೀರೆಯ ದುಗ್ಗಮ್ಮ ಇನ್ನೂ ತಮ್ಮ ಪಟದ ಎದುರಿಗೇ ಇದ್ದಾರೆ. “ಇವತ್ತು ದುಗ್ಗಕ್ಕನಿಗೆ ಕಡಬದ ಬಸ್ಸು ತಪ್ಪಿತು ಮಾರಾಯ್ರೆ. ಪಟ ನೋಡಿಯೇ ಮುಗೀಲಿಲ್ಲ ಅವರಿಗೆ.”