ಅಂಜನಮ್ಮ ಗುಂಡಗೆ ಮಾಡಿದ ತಲೆಗಳು

ಸಾರಕ್ಕಿಯ ಅಂಜನಮ್ಮನಿಗೆ ಮೊಣಕಾಲು ಮಡಚಿದರೆ ಬಿಡಿಸಲಾಗದು, ಬಿಡಿಸಿದರೆ ಮಡಚಲಾಗದು. ಆದರೂ ಬೆಳಗಾದರೆ ಜಯನಗರದ ಯಾವುದೋ ಮನೆಯ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಅದರ ಮೇಲೆ ಎಳೆಮಗುವನ್ನು ಮಲಗಿಸಿಕೊಂಡು ನೀರು ಹಾಕಲೇಬೇಕು. ಗಂಡ ಹೋದಮೇಲೆ ಹಿಡಿದ ಕೆಲಸ. ಮೈಗೆ ಎಣ್ಣೆ ಯಾರು ಬೇಕಾದರೂ ತಿಕ್ಕಬಹುದು, ತಲೆ ತಿದ್ದೋದಕ್ಕೆ ಕೈಗುಣ ಬೇಕು ಅನ್ನುವಳು. ನೆತ್ತಿಗೆ ಹರಳೆಣ್ಣೆ ಇಟ್ಟು, ಎರಡೂ ಅಂಗೈಯಲ್ಲಿ ಹಣೆ, ಹಿಂದಲೆ ಒತ್ತಿ ಒತ್ತಿ ಗುಂಡಗೆ ಮಾಡುವಳು. ತಾನು ನೀರು ಹಾಕಿ ಬೆಳೆಸಿದ ಮಕ್ಕಳು ರಸ್ತೆಯಲ್ಲಿ ಎದುರಾದರೆ ಮುಖಕ್ಕಿಂತ ಮೊದಲು ತಲೆ ನೋಡಿ ಒಳಗೊಳಗೇ ಬೀಗುವಳು. ಅವಳಿಗಿದ್ದ ಆಸ್ತಿ ಅಷ್ಟೇ.

ಈಗ ಅವಳು ನೀರು ಹಾಕುತ್ತಿದ್ದ ಮನೆಯ ಸುರಭಿಯ ಮಗು ಸುಮೇಧನಿಗೆ ಐದು ತಿಂಗಳಾದಾಗ, ಮೂಗಿನ ಮೇಲಿಂದ ನೆತ್ತಿಯವರೆಗೆ ಹಣೆಯ ನಡುವೆ ಒಂದು ಉಬ್ಬುಗೆರೆ ಎದ್ದಿತು. ಮುಟ್ಟಿದರೆ ಮೂಳೆಯ ಹಾಗೆ ಗಟ್ಟಿ.

ಸುರಭಿಯ ತಾಯಿ ಸೀತಮ್ಮ ಅಂಜನಮ್ಮನನ್ನು ಬಾಗಿಲಲ್ಲೇ ತಡೆದರು. "ಏನೇ, ತಲೆ ಅಂದ್ಕೊಂಡ್ಯೋ ಚಪಾತಿ ಹಿಟ್ಟು ಅಂದ್ಕೊಂಡ್ಯೋ? ಹಿಂಗಾ ಅದುಮೋದು?"

"ನಿಮ್ಮ ಮಗಳ ತಲೇನೂ ಇದೇ ಕೈಲಿ ಒತ್ತಿದ್ದು ಅಮ್ಮಾವ್ರೇ."

"ಅದಕ್ಕೇ ಅವಳಿಗೆ ನಾನು ಹೇಳಿದ್ದೊಂದೂ ಒಳಗೆ ಇಳಿಯಲ್ಲ!"

ಫೋನಿನಲ್ಲಿ ಏನೇನೋ ಓದಿ ಸುರಭಿಯ ಕಣ್ಣು ಕೆಂಪಗಾಗಿತ್ತು. "ಅಂಜನಮ್ಮ, ನೀವೂ ಬನ್ನಿ. ಹೇಗೆ ಒತ್ತುತ್ತಿದ್ರಿ ಅಂತ ಡಾಕ್ಟ್ರಿಗೆ ನೀವೇ ತೋರಿಸಿ," ಅಂದಳು.

ಆಟೋದಲ್ಲಿ ಅಂಜನಮ್ಮ ಮೂಲೆಗೆ ಒರಗಿ ಕೂತಳು. ತನ್ನ ಕೈಯಿಂದಲೇ ಆಗಿದ್ದರೆ? ಇನ್ನು ಯಾರು ತನ್ನ ಕಾಲ ಮೇಲೆ ಮಗು ಮಲಗಿಸುತ್ತಾರೆ? ಅದಿರಲಿ, ಈ ಕೂಸಿನ ಗತಿ?

ಮಕ್ಕಳ ಡಾಕ್ಟರ್ ಬದರಿನಾಥ ತಲೆಯ ಸುತ್ತಳತೆ ತೆಗೆದರು. ನೆತ್ತಿ ಮುಟ್ಟಿದರು, ಉಬ್ಬಿನ ಮೇಲೆ ಬೆರಳಾಡಿಸಿದರು.

"ತಲೆಬುರುಡೆ ಅಂದ್ರೆ ಒಂದೇ ಮೂಳೆ ಅಲ್ಲಮ್ಮ. ಹಲವು ಮೂಳೆ ಸೇರಿರೋದು. ಸೇರೋ ಜಾಗಾನೂ ಕೀಲೇ. ಆದ್ರೆ ಮೊಣಕಾಲಿನ ಹಾಗೆ ಆಡಲ್ಲ, ಅಚಲ ಕೀಲು. ನಾವು ಸೂಚರ್ ಅಂತೀವಿ, ಹೊಲಿಗೆ ಅಂತ ಅರ್ಥ. ಹುಟ್ಟಿದಾಗ ಸಡಿಲ ಇದ್ದು, ಆಮೇಲೆ ಬಿಗಿಯಾಗುತ್ತೆ. ಹಣೇದು ಎಲ್ಲಕ್ಕಿಂತ ಮೊದಲು. ಆಗ ಕೆಲವು ಮಕ್ಕಳಿಗೆ ಹೀಗೆ ಉಬ್ಬುತ್ತೆ. ಇವನ ತಲೆ ಸರಿಯಾಗಿ ಬೆಳೀತಿದೆ, ಭಯ ಬೇಡ. ಹಲ್ಲು ದವಡೇಲಿ ಕೂತಿರುತ್ತಲ್ಲ, ಅದೂ ಆಡದ ಕೀಲೇ."

"ನನ್ನವು ಆಡ್ತವೆ ಸಾರ್," ಅಂದಳು ಅಂಜನಮ್ಮ.

ಡಾಕ್ಟರ್ ನಕ್ಕರು. ಸುರಭಿ ನಗಲಿಲ್ಲ. "ಒತ್ತಿದ್ದಕ್ಕೇ ಆಗಿದ್ದಾ ಡಾಕ್ಟ್ರೇ?"

"ಇಲ್ಲ, ಇವರ ಕೈಯಿಂದ ಆದದ್ದಲ್ಲ. ಆದ್ರೆ ಇನ್ನು ಒತ್ತಬೇಡಿ. ಒತ್ತಿದ್ರೆ ತಲೆ ಗುಂಡಗಾಗಲ್ಲ. ಮಿದುಳು ಬೆಳೆದ ಹಾಗೆ ತಾನೇ ಆಗುತ್ತೆ."

ಅಂಜನಮ್ಮನ ಎದೆಯ ಭಾರ ಇಳಿಯಿತು. ಅಷ್ಟರಲ್ಲಿ ಏನೋ ಹೊಳೆದು ಕೇಳಿದಳು: "ಹಂಗಾದ್ರೆ ಇಷ್ಟು ವರ್ಷ ನಾನು ಗುಂಡಗೆ ಮಾಡಿದ ತಲೆಗಳು?"

"ಅವೂ ಹಾಗೇ ಅಮ್ಮ. ತಾವೇ ಆದದ್ದು."

ಹೊರಗೆ ಬಂದು ಸುರಭಿ, "ಅಮ್ಮನ ಮಾತು ಮನಸ್ಸಿಗೆ ಹಚ್ಕೋಬೇಡಿ, ನಾಳೆ ಬರ್ತೀರಲ್ಲ?" ಅಂದಳು.

"ಬರದೆ ಎಲ್ಲಿಗೆ ಹೋಗ್ಲಿ?"

ಮರುದಿನ ಮೈ, ಕೈಕಾಲು ನೀವಿ, ತಲೆಗೆ ಬೊಗಸೆಯಲ್ಲಿ ನೀರು ಹೊಯ್ದು, ಒರೆಸಿ, ಸಾಂಬ್ರಾಣಿ ಹೊಗೆ ಹಿಡಿದಳು. ಎಂದಿಗಿಂತ ಬೇಗ ಮುಗಿಯಿತು. ಸೀತಮ್ಮ ಟವಲ್ ಹಿಡಿದು ಬಗ್ಗಿ ನೋಡಿದರು. "ಏನೇ, ಒತ್ತಲೇ ಇಲ್ವಲ್ಲ? ಹಿಂದಲೆ ಇನ್ನೂ ಚಪ್ಪಟೆ ಇದೆ. ಸ್ವಲ್ಪ ಮೆತ್ತಗೆ ಒತ್ತು."

"ತಾನೇ ಆಗುತ್ತಂತೆ ಬಿಡಿ ಅಮ್ಮಾವ್ರೇ," ಎಂದು ಮಗುವನ್ನು ಅವರ ಕೈಗೆ ಕೊಟ್ಟಳು.