ಕೇಳಿದ್ದು ಅವನಿರುವ ಊರನ್ನಷ್ಟೇ

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟವಳು ದೂರದ ಊರಿನ ಒಂದು ಗಲ್ಲಿಯಲ್ಲಿ, ಮಹಡಿಯ ಒಂಟಿ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕು ಕಟ್ಟಿಕೊಂಡಿದ್ದಳು. ಗಲ್ಲಿಯವರ ಬಾಯಲ್ಲಿ ಅವಳು ಟೈಲರಮ್ಮ. ಬಂದ ಗಿರಾಕಿಗಳನ್ನೆಲ್ಲ ನಗಿಸಿ ಕಳಿಸುವವಳು, ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಮಾತ್ರ ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಸರಕಾರಿ ನೌಕರನಾದ ಗಂಡನಿಗೆ ವರ್ಗವಾಗಿದೆ ಎಂಬ ಸುದ್ದಿ ಅವಳ ಕಿವಿಗೆ ಬಿತ್ತು. ಯಾವ ಊರಿಗೆ? ದೂರವಾದರೆ ನೆಮ್ಮದಿ, ಹತ್ತಿರವಾದರೆ ಗಂಟುಮೂಟೆ ಕಟ್ಟಬೇಕು. ಸರಕಾರಿ ದಾಖಲೆಯನ್ನು ಯಾರು ಬೇಕಾದರೂ ಕೇಳಬಹುದಂತೆ ಎಂದು ಅವನ ಇಲಾಖೆಗೆ ಅರ್ಜಿ ಹಾಕಿದಳು. ಉತ್ತರ ಬರಲು ವಿಳಾಸ ಬೇಕೇ ಬೇಕಲ್ಲ, ಅದನ್ನೂ ಬರೆದಳು.

ಎಷ್ಟು ಕಾದರೂ ಉತ್ತರ ಬಾರದೆ, ಕಚೇರಿಗೆ ಫೋನ್ ಮಾಡಿದಳು.

"ಅದು ಅವರ ಖಾಸಗಿ ವಿಷಯ ಅಲ್ವೇನಮ್ಮಾ?" ಎಂದ ಗುಮಾಸ್ತ. "ಕೊಡಬಹುದಾ ಅಂತ ನಿಯಮದ ಪ್ರಕಾರ ಅವರನ್ನೇ ಕೇಳಿದ್ವಿ. ಬೇಡ ಅಂದ್ರು."

"ಕೇಳಿದ್ದು ನಾನು ಅಂತ ಹೇಳಿಬಿಟ್ರಾ ಅಣ್ಣಾ?"

"ಹೇಳೋದೇನು ಬಂತು? ನಿಮ್ಮ ಅರ್ಜಿ ನಕಲನ್ನೇ ಕಳಿಸಿದೀವಿ. ಎಲ್ಲಾ ಕ್ರಮಬದ್ಧವಾಗಿದೆ."

ಅವನಿರುವ ಊರಿನ ಹೆಸರು ಗುಟ್ಟು, ಅವಳ ಕೋಣೆಯ ಬಾಗಿಲ ನಂಬರು ಬಟಾಬಯಲು. ಭಲೇ ಕ್ರಮ!

ಅವತ್ತೇ ಬೇರೆ ಕೋಣೆ ಹುಡುಕತೊಡಗಿದಳು. ಅದು ಸಿಗುವ ಮೊದಲೇ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಾಗಿಲಲ್ಲಿ ಗಂಡ ನಿಂತಿದ್ದ, ಕೈಯಲ್ಲಿ ಅರ್ಜಿಯ ನಕಲು.

"ನಾನೆಲ್ಲಿದೀನಿ ಅಂತ ಕೇಳಿದ್ಯಂತಲ್ಲ," ಎಂದ, ಒಳಬಂದು ಚಿಲಕ ಹಾಕುತ್ತಾ. "ಇಲ್ಲೇ ಇದೀನಿ."